ಔಟ್ ಎನ್ನಬಾರದ ಆಟ

“ಅವ್ವಾ, ದಂಡಿಗೆ ಹೊರಟ ತಮ್ಮನಿಗೆ ಬಾಗಿಲಲ್ಲಿ ನಿಂತು ‘ಹೋಗಿ ಬಾ’ ಅಂದೆ. ಅವನು ಬರಲಿಲ್ಲ. ನಾನು ಆಡಿದ್ದು ಸುಳ್ಳಾಯಿತೇ?” ಎಂದು ಶಿಷ್ಯನೊಬ್ಬ ಕೇಳಿದ.

ಅವನ ಗುರು ಒಬ್ಬ ಮುದುಕಿ. ಎಲ್ಲರಿಗೂ ಅವ್ವ. “ನಿಂತೇ ಕೇಳಿದರೆ ಕಾಲಿಗಷ್ಟೇ ಉತ್ತರ ಸಿಕ್ಕೀತು. ಕುಂತುಕೋ. ಬೆನ್ನು ಗೋಡೆಗೆ ಕೊಡು,” ಎಂದು ಹೇಳತೊಡಗಿದಳು.

ಮೂಡಣ ಕಡಲಿನಲ್ಲಿ ಒಂದು ನಾಡು. ಅಲ್ಲಿ ಯುದ್ಧ ಹಿಡಿದು ವರ್ಷಗಳೇ ಆಗಿದ್ದವು. ಅಕ್ಕಿ ಸಾಲದು, ಗಂಡಸರು ಸಾಲರು. ಆದರೂ ಬೇಸ್‌ಬಾಲ್ ನಿಂತಿರಲಿಲ್ಲ. ಒಬ್ಬ ಚೆಂಡು ಎಸೆಯುವುದು, ಇನ್ನೊಬ್ಬ ದೊಣ್ಣೆಯಲ್ಲಿ ಬಾರಿಸಿ ಓಡುವುದು, ಮೂರು ಮೂಲೆ ಮುಟ್ಟಿ ಹೊರಟಲ್ಲಿಗೇ ತಿರುಗಿ ಬರುವುದು. ಹೊರಟ ಆ ಜಾಗಕ್ಕೆ ಮನೆ ಎಂದು ಹೆಸರು. ಬಂದರಿನ ತಂಡ ಒಂದು, ಬೆಟ್ಟದ ತಂಡ ಒಂದು. ಆಟವೇ ಅವರ ಕಸುಬು. ಒಬ್ಬರಿಗೊಬ್ಬರು ಎಣ್ಣೆ ಸೀಗೆಕಾಯಿ.

ಆಟ ಶತ್ರುದೇಶದಿಂದ ಬಂದದ್ದು. ಅದಕ್ಕೇ ಸರ್ಕಾರದ ಕಟ್ಟಪ್ಪಣೆಯಾಯಿತು: ಶತ್ರುವಿನ ಮಾತು ಮೈದಾನದಲ್ಲಿ ಕೇಳಕೂಡದು. ಓಡಿದವನು ಮೂಲೆ ಮುಟ್ಟಿ ಉಳಿದರೆ, ಸೇಫ್ ಎನ್ನುವಲ್ಲಿ ‘ಇದ್ದಾನೆ’ ಎನ್ನಬೇಕು. ಅದಕ್ಕೆ ಮೊದಲೇ ಮೈಗೆ ಚೆಂಡು ಮುಟ್ಟಿಸಿಕೊಂಡರೆ, ಔಟ್ ಎನ್ನುವಲ್ಲಿ ‘ಹೋದ’ ಎನ್ನಬೇಕು.

ಒಬ್ಬ ಮುದಿ ತೀರ್ಪುಗಾರನಿದ್ದ. ಸುಳ್ಳು ತೀರ್ಪು ಕೊಟ್ಟವನಲ್ಲ. ಅಪ್ಪಣೆಯಂತೆ ‘ಹೋದ’ ಎಂದು ಕೂಗಿದ. ಹಾಗೆ ಕೂಗಿಸಿಕೊಂಡ ಹುಡುಗರು ದಂಡಿಗೆ ಹೋದರು. ಕೆಲವರು ಬೂದಿಯಾಗಿ ಪೆಟ್ಟಿಗೆಯಲ್ಲಿ ಬಂದರು. ಆಮೇಲೆ ಆ ಮಾತು ಅವನ ಗಂಟಲಿಗೆ ಮೀನಿನ ಮುಳ್ಳಾಯಿತು. ಆ ನಾಡಿನಲ್ಲೂ ನಮ್ಮ ಹಾಗೆಯೇ, ಹೊಸ್ತಿಲು ದಾಟುವವನು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು.

ಅಂದು ಎರಡು ತಂಡಗಳ ಕೊನೆಯ ಆಟ. ಮುಗಿದ ಕೂಡಲೇ ಹುಡುಗರೆಲ್ಲ ದಂಡಿನ ರೈಲು ಹತ್ತಬೇಕು. ಮುಂದಿನ ಸಾಲಿನಲ್ಲಿ ದಂಡಿನ ಅಧಿಕಾರಿ ಕುಳಿತಿದ್ದ. ಬೆಟ್ಟದವರು ಒಂದು ಅಂಕ ಮುಂದಿದ್ದರು. ಬಂದರಿನ ಕೊನೆಯ ಹುಡುಗ ಚೆಂಡು ಬಾರಿಸಿ, ಅರೆಹೊಟ್ಟೆಯಲ್ಲಿ ಓಡಿ, ಮೂರು ಮೂಲೆಯನ್ನೂ ಮುಟ್ಟಿದ. ಮನೆಗೆ ಇನ್ನೊಂದು ಗೇಣು. ಅಷ್ಟರಲ್ಲಿ ಮನೆ ಕಾಯುತ್ತಿದ್ದ ಬೆಟ್ಟದವನು ಅವನ ಬೆನ್ನಿಗೆ ಚೆಂಡು ಮುಟ್ಟಿಸಿಬಿಟ್ಟ.

ಎಲ್ಲರೂ ತೀರ್ಪುಗಾರನ ಬಾಯಿ ನೋಡಿದರು. ‘ಇದ್ದಾನೆ’ ಎಂದರೆ ಸುಳ್ಳು. ‘ಹೋದ’ ಎಂದರೆ, ತಾನೇ ಅವನನ್ನು ಅತ್ತ ಕಳಿಸಿದಂತೆ.

“ಏನು ತಾತ, ಕಣ್ಣಿಗೆ ಪೊರೆ ಬಂತೇ? ಬಂದರಿನವರ ಮೀನಿನ ಸಾರು ಉಂಡು ಬಂದೆಯಾ?” ಎಂದು ಬೆಟ್ಟದವನು ಛೇಡಿಸಿದ.

ಧೂಳಿನಲ್ಲಿ ಬಿದ್ದಿದ್ದ ಹುಡುಗ ತಲೆ ಎತ್ತಲಿಲ್ಲ. “ಹೇಳಿಬಿಡು ತಾತ. ಓಡಿ ಓಡಿ ಸಾಕಾಗಿದೆ. ರೈಲಿನಲ್ಲಾದರೂ ಒಂದಿಷ್ಟು ನಿದ್ದೆ ಮಾಡುತ್ತೇನೆ,” ಎಂದ.

ತೀರ್ಪುಗಾರ ಔಟಿನ ಗುರುತಿಗೆ ಮುಷ್ಟಿ ಎತ್ತಿದ. ಬಾಯಿಗೆ ಬಂದದ್ದು ಬೇರೆ. “ಹೋಗಿ ಬಾ,” ಎಂದ.

ಅಧಿಕಾರಿ ಎದ್ದ. “ಅದು ಅಪ್ಪಣೆಯ ಮಾತಲ್ಲ!”

“ಶತ್ರುವಿನ ಮಾತೂ ಅಲ್ಲವಲ್ಲ, ಸ್ವಾಮಿ,” ಎಂದ ತೀರ್ಪುಗಾರ.

ಬೆಟ್ಟದವನು ನಗಲಿಲ್ಲ. ಹುಡುಗನ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ರೈಲಿನ ಒಂದೇ ಡಬ್ಬಿ ಹತ್ತಿದರು.

ತೀರ್ಪುಗಾರನ ಕೆಲಸ ಹೋಯಿತು. ಮೈದಾನ ಗೆಣಸಿನ ಹೊಲವಾಯಿತು. ಅಲ್ಲೇ ಅವನು ಗುದ್ದಲಿ ಹಿಡಿದ. ಮನೆ ಎನ್ನುವ ಆ ಒಂದು ಜಾಗವನ್ನು ಮಾತ್ರ ಅಗೆಯಲಿಲ್ಲ. ಯುದ್ಧ ಮುಗಿದ ಮೇಲೆ ಅಧಿಕಾರಿ ಕತ್ತಿ ಬಿಚ್ಚಿಟ್ಟು ಅದೇ ಹೊಲದ ಬದುವಿನಲ್ಲಿ ಗೆಣಸಿಗೆ ಸರದಿ ನಿಂತ. ಬೆಟ್ಟದವನು ಒಂದು ಕೈ ಕಳೆದುಕೊಂಡು ಬಂದ. ಬಂದವನು ಉಳಿದ ಕೈಯಿಂದ ಆ ಜಾಗದ ಕಳೆ ಕಿತ್ತ. ಬಂದರಿನ ಹುಡುಗ ಬರಲಿಲ್ಲ.

ಅವ್ವ ಕಥೆಯನ್ನು ಅಲ್ಲಿಗೇ ನಿಲ್ಲಿಸಿದಳು.

“ಹಾಗಾದರೆ ಆ ತೀರ್ಪುಗಾರನ ಮಾತೂ ಸುಳ್ಳೇ ಆಯಿತಲ್ಲ, ಅವ್ವಾ?” ಎಂದ ಶಿಷ್ಯ.

“ಸುಳ್ಳೋ ನಿಜವೋ ಅನ್ನುವುದು ತೀರ್ಪು ಮಗಾ, ‘ಹೋಗಿ ಬಾ’ ಅನ್ನುವುದು ಹಾರೈಕೆ. ನೀನು ನಿಂತಿದ್ದದ್ದು ಬಾಗಿಲಲ್ಲಿ.”