ಹಗುರ ಮಾಡಿದ ಚಿತ್ರ

"ಗುರುಗಳೇ, ನೀವು ಒಂದು ಗಂಟೆ ಮಾಡುವ ಉಪದೇಶವನ್ನು ನಾನು ಹತ್ತು ನಿಮಿಷಕ್ಕೆ ಇಳಿಸಿದ್ದೇನೆ. ಊರೂರಿಗೆ ಹೋಗಿ ಯಾರಿಗೂ ಭಾರವಾಗದ ಹಾಗೆ ಹೇಳುತ್ತೇನೆ. ಜನ ತಲೆದೂಗುತ್ತಾರೆ, ಇನ್ನೊಮ್ಮೆ ಬನ್ನಿ ಎನ್ನುತ್ತಾರೆ. ಮತ್ತೆ ಹೋಗಿ ನೋಡಿದರೆ ಬೈಯುವವನು ಬೈಯುತ್ತಲೇ ಇದ್ದಾನೆ, ಹೊಡೆಯುವವನು ಹೊಡೆಯುತ್ತಲೇ ಇದ್ದಾನೆ. ಮಾತು ತಲುಪಿದ ಮೇಲೂ ಹೀಗೇಕೆ?" ಎಂದು ಶಿಷ್ಯ ಕೇಳಿದ.

ಗುರು ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಈ ಕತೆ ಹೇಳಿದರು.

ಒಂದು ಹಳ್ಳಿಯಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತೆ ಇದ್ದಳು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿ ಬರುವುದು ಅವಳ ಕೆಲಸ. ಕಾಯಿಲೆ ಏನಾದರೂ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದು ಆ್ಯಪ್‌ಗೆ ಹಾಕಬೇಕು. ಅದು ಪಟ್ಟಣದ ಆಸ್ಪತ್ರೆಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿನ ವೈದ್ಯ ನೋಡಿ, ಕರೆತರಬೇಕೋ ಬೇಡವೋ ಬರೆಯುತ್ತಾನೆ. ಇವಳು ಏನನ್ನೂ ಬರೆದು ಕಳುಹಿಸಲು ಅದರಲ್ಲಿ ಜಾಗವಿರಲಿಲ್ಲ. ಹೇಳಬೇಕಾದ್ದನ್ನು ಚಿತ್ರವೇ ಹೇಳಬೇಕು. ಪಟ್ಟಣಕ್ಕೆ ಅರ್ಧ ದಿನದ ದಾರಿ. ವೈದ್ಯ ಕರೆಯದೆ ಯಾರೂ ಹೋಗುತ್ತಿರಲಿಲ್ಲ.

ಒಂದು ದಿನ ಒಬ್ಬ ತಾಯಿ ಅವಳನ್ನು ಕರೆದಳು. ಮೂರು ತಿಂಗಳ ಮಗುವಿನ ಬಲಗಣ್ಣಿನ ಕಪ್ಪು ಗುಡ್ಡೆಯ ನಡುವೆ ಒಂದು ಬಿಳಿ ಚುಕ್ಕೆ ಇತ್ತು. ರಾಗಿ ಕಾಳಿನಷ್ಟೂ ಇಲ್ಲ. ಆ ತಾಯಿಯ ಅಕ್ಕನ ಮಗನಿಗೆ ಇಂಥದೇ ಚುಕ್ಕೆ ಬಂದು, ಯಾರೂ ಲಕ್ಷ್ಯ ಕೊಡದೆ, ಒಂದು ಕಣ್ಣು ಹೋಗಿತ್ತು.

ಚಿತ್ರ ತೆಗೆಯುತ್ತೇನೆ ಎಂದೊಡನೆ ತಾಯಿಗೆ ದೃಷ್ಟಿಯ ಹೆದರಿಕೆ. ಮಗುವಿನ ಕೆನ್ನೆಗೆ ಕಾಡಿಗೆಯಲ್ಲಿ ದೊಡ್ಡದೊಂದು ಬೊಟ್ಟಿಟ್ಟಳು. ಕಾರ್ಯಕರ್ತೆ ಮಗುವನ್ನು ಬೆಳಕಿಗೆ ತಂದು ಚಿತ್ರ ತೆಗೆದಳು. ಮುಖ ಪೂರ್ತಿ ಬಂದಿತ್ತು, ಕುಲಾವಿಯೂ ಬಂದಿತ್ತು, ಚುಕ್ಕೆ ಸ್ಪಷ್ಟವಾಗಿ ಬಿದ್ದಿತ್ತು.

ಆ್ಯಪ್ ಅದನ್ನು ತೆಗೆದುಕೊಳ್ಳಲಿಲ್ಲ. ಚಿತ್ರ ದೊಡ್ಡದಾಯಿತು, ಕಿರಿದು ಮಾಡಿ ಎಂದಿತು. ಅರ್ಧಕ್ಕೆ ಇಳಿಸಿದಳು. ಫೋನಿನ ತೆರೆಯ ಮೇಲೆ ಚಕ್ರ ತಿರುಗಿ ತಿರುಗಿ ನಿಂತುಹೋಯಿತು. ಕಾಲು ಭಾಗಕ್ಕೆ ಇಳಿಸಿದಳು. ಸಿಗ್ನಲ್ ಸಿಗಲೆಂದು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ನಿಂತು, ಇನ್ನೂ ಇಳಿಸಿದಳು. ಕೊನೆಗೆ ಚಿತ್ರ ಹೂವಿನಷ್ಟು ಹಗುರವಾಗಿ ಒಂದೇ ಉಸಿರಿಗೆ ಹೋಯಿತು. ಹಸಿರು ಗುರುತು ಬಂತು. ಅವಳಿಗೆ ಒಂದು ಹೆರಿಗೆ ಮಾಡಿಸಿದಷ್ಟು ಸಮಾಧಾನವಾಯಿತು.

ಮರುದಿನ ವೈದ್ಯನ ಉತ್ತರ ಬಂತು. 'ಕೆನ್ನೆಯ ಮೇಲಿನ ಮಚ್ಚೆಯಿಂದ ತೊಂದರೆಯಿಲ್ಲ. ಮಗು ಆರೋಗ್ಯವಾಗಿದೆ. ಕರೆತರುವುದು ಬೇಡ.'

ಕಾರ್ಯಕರ್ತೆ ಅದನ್ನು ಓದಿ ಹೇಳಿದಾಗ ತಾಯಿ ನಕ್ಕುಬಿಟ್ಟಳು. ಮರುಕ್ಷಣ ಅವಳ ಮುಖ ಬಿಗಿಯಾಯಿತು.

"ಮಚ್ಚೆ ಎಲ್ಲಿಂದ ಬಂತಕ್ಕಾ? ಅದು ನಾನಿಟ್ಟ ದೃಷ್ಟಿಬೊಟ್ಟು. ನಿಮ್ಮ ಡಾಕ್ಟ್ರಿಗೆ ಕಾಡಿಗೆ ಕಾಣ್ತದೆ, ಕಣ್ಣು ಕಾಣಲ್ವಾ?"

"ಚಿತ್ರ ಸರಿಯಾಗೇ ಹೋಗಿದೆ ಕಣಮ್ಮಾ. ನೋಡು, ಹಸಿರು ಗುರುತು ಬಂದಿದೆ."

"ಗುರುತು ನಿಮ್ಮ ಫೋನಿಗೆ ಬಂತು. ನನ್ನ ಮಗಳ ಕಣ್ಣಿಗೆ ಏನು ಬಂತು?"

ಕಾರ್ಯಕರ್ತೆಗೆ ಸಿಟ್ಟು ಬಂತು. ಟ್ಯಾಂಕು ಹತ್ತಿದ್ದು ನಾನು, ಮನೆಯಲ್ಲಿ ಕೂತವಳಿಗೆ ಬಾಯಿ ನೋಡು ಎನಿಸಿತು. ತೋರಿಸಿಯೇ ಬಿಡೋಣವೆಂದು, ಕಳುಹಿಸಿದ ಚಿತ್ರವನ್ನು ತೆರೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಮುಖ ಇತ್ತು. ನಗು ಇತ್ತು. ಬೊಟ್ಟು ಗುಂಡಗೆ ಇತ್ತು. ಕಣ್ಣು ಇರಬೇಕಾದ ಕಡೆ ನಾಲ್ಕಾರು ಮಸುಕು ಚೌಕಗಳಿದ್ದವು. ಚುಕ್ಕೆ ಇರಲಿಲ್ಲ. ಅದನ್ನು ಅಳಿಸಿದ್ದು ತನ್ನ ಬೆರಳೇ ಎಂದು ಅವಳಿಗೆ ತಿಳಿಯಿತು.

ಮೊದಲು ತೆಗೆದ ದೊಡ್ಡ ಚಿತ್ರ ಫೋನಿನಲ್ಲೇ ಇತ್ತು. ಈ ಸಲ ಅದನ್ನು ಕಿರಿದು ಮಾಡಲಿಲ್ಲ. ಕುಲಾವಿಯನ್ನು ಕತ್ತರಿಸಿದಳು. ಬೊಟ್ಟಿದ್ದ ಕೆನ್ನೆಯನ್ನು ಕತ್ತರಿಸಿದಳು. ಮುದ್ದಾದ ನಗುವನ್ನೂ ಕತ್ತರಿಸಿದಳು. ಬಲಗಣ್ಣೊಂದನ್ನೇ, ಇದ್ದಷ್ಟು ದೊಡ್ಡದಾಗಿ ಉಳಿಸಿ, ಟ್ಯಾಂಕು ಹತ್ತಿ ಕಳುಹಿಸಿದಳು. ಉಳಿದದ್ದು ಸ್ವಲ್ಪವೇ ಆದ್ದರಿಂದ ಅದೂ ಹೋಯಿತು. ನೋಡಲು ಚೆಂದವಿರಲಿಲ್ಲ. ನೋಡಿದವರ ಎದೆ ಝಲ್ಲೆನ್ನುವಂತಿತ್ತು.

ಒಂದು ಗಂಟೆಯೊಳಗೆ ಉತ್ತರ ಬಂತು. 'ಇಂದೇ ಕರೆತನ್ನಿ. ಈಗ ಬಂದರೆ ಕಣ್ಣು ಉಳಿಸಬಹುದು.' ಅವಳು ಓದಿ ಮುಗಿಸುವಷ್ಟರಲ್ಲಿ ತಾಯಿ ಮಗುವನ್ನು ಎತ್ತಿಕೊಂಡು ಬಸ್ಸಿನ ದಾರಿ ಹಿಡಿದಿದ್ದಳು.

ಗುರು ಕತೆ ನಿಲ್ಲಿಸಿ, ಮೊರವನ್ನು ಹತ್ತಿರ ಎಳೆದುಕೊಂಡರು.

"ಹಾಗಾದರೆ ಮಾತನ್ನು ಚಿಕ್ಕದು ಮಾಡಬಾರದೇ?" ಎಂದು ಶಿಷ್ಯ ಕೇಳಿದ.

"ಮಾಡು, ಆದರೆ ಹತ್ತು ನಿಮಿಷಕ್ಕೆ ಇಳಿಸುವಾಗ ನೀನು ಎಲ್ಲಕ್ಕಿಂತ ಮೊದಲು ಕೈಬಿಟ್ಟ ಮಾತು ಯಾವುದು?"

ಶಿಷ್ಯನಿಗೆ ಅದು ಚೆನ್ನಾಗಿ ನೆನಪಿತ್ತು. ಬೈಯುವವನಿಗೂ ಹೊಡೆಯುವವನಿಗೂ ಚುಚ್ಚುತ್ತದೆಂದು ಅವನು ಅದನ್ನೇ ಮೊದಲು ಬಿಟ್ಟಿದ್ದ.