ಎದ್ದವನ ಕಟ್ಟೆ

ಕುಂಬಾರಹಾಳದ ಪೇಟೆಯಲ್ಲಿ ನಾಲ್ಕು ದಾರಿ ಕೂಡುವ ಕಡೆ ಒಂದು ಬೇವಿನ ಮರ, ಅದರ ಬುಡದಲ್ಲಿ ಸವೆದ ಕಲ್ಲಿನ ಕಟ್ಟೆ ಇವೆ. ಎದುರಿಗೆ ಗಾಜಿನ ಬಾಗಿಲಿನ ಕಚೇರಿ. ಊರೂರುಗಳಲ್ಲಿ ಮಳಿಗೆ, ಗೋದಾಮು ಕೊಡಿಸುವ ದಲ್ಲಾಳಿ ಮನೆತನದ್ದು. ಅದರ ಗೋಡೆಯ ಮೇಲೆ ಈ ಕಟ್ಟೆಯದೇ ದೊಡ್ಡ ಫೋಟೊ, ಕೆಳಗೆ ‘ನಮ್ಮ ಮೂಲಪುರುಷರ ಪೀಠ’ ಎಂಬ ಬರಹ. ಊರವರು ಮಾತ್ರ ಎದ್ದವನ ಕಟ್ಟೆ ಎನ್ನುತ್ತಾರೆ. ಕೂತವರ ಹೆಸರಿನ ಕಟ್ಟೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಎದ್ದುಹೋದವನ ಹೆಸರಿನದು ಇದೊಂದೇ ಇರಬೇಕು.

ಹಿಂದೆ ಒಮ್ಮೆ, ಪೇಟೆಗೆ ಎತ್ತಿನ ಗಾಡಿಗಳಷ್ಟೇ ಬರುತ್ತಿದ್ದ ಕಾಲದಲ್ಲಿ, ಕಟ್ಟೆಯ ಮಗ್ಗುಲಿಗೆ ತಿಪ್ಪವ್ವ ಎಂಬ ವಿಧವೆಯ ಎಣ್ಣೆ ಅಂಗಡಿ ಇತ್ತಂತೆ. ದಣಿದು ಬಂದ ಗಿರಾಕಿಗಳು ಕೂರಲಿ ಎಂದು ಕಟ್ಟೆ ಕಟ್ಟಿಸಿದವನು ಅವಳ ಮಾವ. ಗಿರಾಕಿಗಳಿಗೆ ಜಾಗವಿಲ್ಲದಂತೆ ಬಂದು ಕೂತವನು ನೀಲಕಂಠಪ್ಪ. ಕೈಯಲ್ಲಿ ಬಂಡವಾಳವಿಲ್ಲ, ಮೈಯಲ್ಲಿ ದುಡಿಮೆಯಿಲ್ಲ. ಯಾರ ಮಳಿಗೆ ಖಾಲಿಯಾಗುತ್ತದೆ, ಯಾರಿಗೆ ಬೇಕಾಗಿದೆ ಎಂದು ಮೂಗು ತೂರಿಸುವುದೇ ಅವನ ಉದ್ಯೋಗ. ಅಷ್ಟರಲ್ಲೇ ಅವನು ಬೆಳೆದ. ಅಳಿಯನನ್ನು ಒಂದು ಊರಿನ ಪೇಟೆಗೆ, ಷಡ್ಡಕನನ್ನು ಇನ್ನೊಂದಕ್ಕೆ ಅಟ್ಟಿದ; ನೆಂಟರಿಷ್ಟರೆಲ್ಲ ಹೀಗೆ ಸಾಲಾಗಿ ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ದಾಟಿಸತೊಡಗಿದರು. ಹೊಟ್ಟೆ ಬಂದ ಮೇಲೆ ವಂಶವೂ ಬಂತು. ತನ್ನ ಮುತ್ತಜ್ಜ ಅರಸರಿಗೇ ಪೇಟೆ ಕೊಡಿಸಿದವನೆಂದೂ ಕಟ್ಟೆ ಆಗಿನಿಂದ ತಮ್ಮದೆಂದೂ ಸಾರಿದ. ಆ ಮುತ್ತಜ್ಜ ಅರಸರ ಕುದುರೆಗೆ ಹುಲ್ಲು ಹಾಕುತ್ತಿದ್ದನೆಂದು ಬಲ್ಲವರು ಒಳಗೊಳಗೇ ನಗುತ್ತಿದ್ದರು.

ಅವರ ವ್ಯವಹಾರಕ್ಕೊಂದು ಕಟ್ಟಳೆಯಿತ್ತು. ಮಾರುವವರೂ ಕೊಳ್ಳುವವರೂ ದಲ್ಲಾಳಿ ಹೆಗಲಿಗೆ ಹೊದ್ದ ವಲ್ಲಿಯ ಕೆಳಗೆ ಕೈ ಚಾಚಬೇಕು. ಅವನು ಬೆರಳು ಒತ್ತಿ ಬೆಲೆ ಕುದುರಿಸಬೇಕು. ಎರಡು ಕೈ ಕೂಡಿಸುವವರೆಗೆ ಜಾಗ ಯಾವುದೆಂದು ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಅವರವರೇ ಮಾತಾಡಿಕೊಂಡು ದಲ್ಲಾಳಿಯನ್ನು ಬದಿಗಿಟ್ಟಾರು ಎಂಬ ಹೆದರಿಕೆ. ಕೂಡಿಸಿದ ಕೈಯನ್ನು ಮತ್ತೆ ಬಿಡಿಸುವಂತಿರಲಿಲ್ಲ. ಅವನ ವರ್ಣನೆಯನ್ನು ನಂಬಿ ಸೋರುವ ಮಳಿಗೆಗೆ ಗಂಟುಬಿದ್ದವರು ಎಷ್ಟೋ ಜನ.

ಹೀಗಿರುವಾಗ ದೂರದ ಹತ್ತಿ ವ್ಯಾಪಾರಿಯೊಬ್ಬನಿಗೆ ಪೇಟೆಯ ನಟ್ಟನಡುವೆ ಜಾಗ ಬೇಕಾಯಿತು. ನೀಲಕಂಠಪ್ಪನ ಕಣ್ಣು ತಿಪ್ಪವ್ವನ ಅಂಗಡಿಯ ಮೇಲೆ ಬಿತ್ತು. ಅವಳು ಒಲ್ಲೆನೆಂದಳು. ಆಗ ಅವಳ ಎಣ್ಣೆ ಕಲಬೆರಕೆಯದೆಂಬ ಪಿಸುಮಾತು ಕಟ್ಟೆಯಿಂದ ಹೊರಟಿತು. ನೆಂಟರ ಸಾಲು ಅದನ್ನು ಊರೂರಿಗೆ ಒಯ್ದಿತು. ಗಿರಾಕಿ ನಿಂತುಹೋಯಿತು. ಖಾಲಿ ಅಂಗಡಿಯಲ್ಲಿ ಕೂತ ತಿಪ್ಪವ್ವನಿಗೆ ದುಃಖಕ್ಕಿಂತ ಹೇಸಿಕೆಯೇ ಹೆಚ್ಚಾಯಿತು. ತನ್ನ ಮಾವನ ಕಟ್ಟೆಯ ಮೇಲೆ ಕೂತೇ ಇವನು ತನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾನಲ್ಲ! ಒಂದು ಬೆಳಿಗ್ಗೆ ತಾನಾಗಿ ಅವನ ಬಳಿ ಹೋಗಿ, ಮಾರಲು ಒಪ್ಪಿದ್ದೇನೆ, ನಿಮ್ಮ ಕಟ್ಟಳೆಯಂತೆಯೇ ಆಗಲಿ ಎಂದಳು.

ನೆಂಟರೆಲ್ಲ ಕಟ್ಟೆಯ ಸುತ್ತ ನೆರೆದರು. ನೀಲಕಂಠಪ್ಪ ವ್ಯಾಪಾರಿಯ ಮುಂದೆ ಜಾಗವನ್ನು ಹೆಸರೆತ್ತದೆ ಬಾಯ್ತುಂಬ ಹೊಗಳಿದ: ನಾಲ್ಕು ದಾರಿ ಕೂಡುವ ಕಡೆ, ಬೇವಿನ ನೆರಳು, ಕೂತಲ್ಲಿಗೇ ಲಕ್ಷ್ಮಿ ಬರುತ್ತಾಳೆ. ಮುದುಕಿಯ ಬಳಿ ಮಾರಲು ಅಂಗಡಿಯಲ್ಲದೆ ಬೇರೇನಿದೆ ಎಂಬ ಧಿಮಾಕಿನಲ್ಲಿ ಕೈ ಕೂಡಿಸಿಬಿಟ್ಟ. ಆಮೇಲೆ ವಲ್ಲಿ ಸರಿಸಿ, ಜಾಗದ ಹೆಸರು ಹೇಳೆಂದ.

“ನಮ್ಮ ಮಾವ ಕಟ್ಟಿಸಿದ ಕಟ್ಟಿ ಮಾರೀನ್ರಿ,” ಎಂದಳು ತಿಪ್ಪವ್ವ. “ನೀವು ಕುಂತೀರಲ್ಲ, ಇದ. ಇನ್ನ ಏಳ್ರಿ.”

ಕಟ್ಟೆ ತನ್ನದೆನ್ನಲು ಅವನು ಬಾಯಿ ತೆರೆದ. ಆದರೆ ಅವನ ಕಾಲು ಇಷ್ಟು ವರ್ಷ ಮುಚ್ಚಿದ್ದ ಕಲ್ಲಿನ ಮೇಲೆ ತಿಪ್ಪವ್ವನ ಮಾವನ ಹೆಸರು ಕೆತ್ತಿದ್ದು ಎಲ್ಲರಿಗೂ ಕಂಡಿತು. ಕೈ ಬಿಡಿಸೋಣವೆಂದರೆ ಕಟ್ಟಳೆ ಮುರಿದು ಎಲ್ಲ ಊರಿನ ನೆಂಟರ ಹೊಟ್ಟೆಪಾಡೂ ಮುಳುಗುತ್ತಿತ್ತು. ವ್ಯಾಪಾರಿ ಸುತ್ತ ನೋಡಿ, ಹೇಳಿದ್ದೆಲ್ಲ ನಿಜವೇ, ನನಗೆ ಒಪ್ಪಿಗೆ ಎಂದ. ನೀಲಕಂಠಪ್ಪ ಹೊಗಳಿದ ಜಾಗವೊಂದು ಹೊಗಳಿಕೆಗೆ ತಕ್ಕಂತಿದ್ದದ್ದು ಅದೇ ಮೊದಲು. ರಟ್ಟೆ ಹಿಡಿದು ಅವನನ್ನು ಎಬ್ಬಿಸಿದವನು ಅವನ ಅಳಿಯನೇ ಎನ್ನುತ್ತಾರೆ.

ವ್ಯಾಪಾರಿ ಅಲ್ಲಿ ಹತ್ತಿ ಇಳಿಸಿದ; ಹತ್ತಿಯೊಂದಿಗೆ ಬಂದ ಹಮಾಲರು ತಿಪ್ಪವ್ವನ ಎಣ್ಣೆಯನ್ನೇ ಕೊಂಡರು. ಇಂದು ಹೋದವರಿಗೂ ಕಟ್ಟೆಯ ಮೇಲೆ ಕಾಲು ಚಾಚಿ ರೊಟ್ಟಿ ತಿನ್ನುವ ಹಮಾಲರು ಕಾಣುತ್ತಾರೆ. ನೀಲಕಂಠಪ್ಪನ ವಂಶದ ಆ ಕಚೇರಿಯವರು ವರ್ಷಕ್ಕೊಮ್ಮೆ ಹಾರ ಹಿಡಿದು ಬಂದು ಮೂಲಪುರುಷರ ಗುಣಗಾನ ಮಾಡುತ್ತಾರೆ. ಭಾಷಣ ಎಷ್ಟೇ ಉದ್ದವಾದರೂ ಅವರಲ್ಲಿ ಒಬ್ಬರೂ ಕಟ್ಟೆಯ ಮೇಲೆ ಕೂರುವುದಿಲ್ಲ. ಮಗ್ಗುಲಿನ ಎಣ್ಣೆ ಅಂಗಡಿ ಇನ್ನೂ ತೆರೆದೇ ಇದೆ.