ಅಧ್ಯಕ್ಷರ ಬೋರ್ಡಿನ ಅಂದಾಜುಪಟ್ಟಿ

"ಬಸ್ ಸ್ಟ್ಯಾಂಡ್ ಎದುರು ನಲವತ್ತು ಅಡಿ ಬೋರ್ಡು. ಅದರಲ್ಲಿ ನನ್ನ ಮುಖ ಒಂದೇ. ಖರ್ಚು ಪುರಸಭೆಯದ್ದು. ಸಂಜೆಯೊಳಗೆ ಅಂದಾಜುಪಟ್ಟಿ ಬರದಿದ್ರೆ ನಾಳೆ ನಿನಗೆ ವರ್ಗ!" ಎಂದು ಪುರಸಭೆ ಅಧ್ಯಕ್ಷ ಬೋರಲಿಂಗಯ್ಯ ಗುಮಾಸ್ತನ ಮುಂದೆ ಮೇಜು ಗುದ್ದಿದರು. ಅವರ ಹುಟ್ಟುಹಬ್ಬಕ್ಕೆ ಹತ್ತು ದಿನವಿತ್ತು. ಗುಮಾಸ್ತನ ನಿವೃತ್ತಿಗೆ ಎಂಟು ತಿಂಗಳಿತ್ತು.

ಗುಮಾಸ್ತ ಆಗಲ್ಲ ಅನ್ನಲಿಲ್ಲ. ಕಬ್ಬಿಣದ ಚೌಕಟ್ಟು, ಫ್ಲೆಕ್ಸ್, ದೀಪ, ಜಾಗದ ಬಾಡಿಗೆ ಎಲ್ಲ ಕೂಡಿಸಿ, ಒಂದು ಲಕ್ಷ ಎಂಬತ್ತು ಸಾವಿರ ಎಂದು ಬರೆದು ಸಂಜೆ ಮುಂದಿಟ್ಟ.

"ಭೇಷ್! ಹಣ ಯಾವ ಬಾಬ್ತಿನಿಂದ?"

"ದುಡ್ಡು ಉಳಿದಿರೋದು ಒಂದರಲ್ಲೇ ಸಾರ್. ಬೀದಿನಾಯಿ ಹಾವಳಿ ನಿಯಂತ್ರಣ."

"ಯಾವುದಾದ್ರೇನು, ಹಾಕು."

"ಹಾಕಿದೀನಿ. ಆದ್ರೆ ಯಾವ ಬಾಬ್ತಿನ ಹಣವೋ ಅದರ ಹೆಸರನ್ನ ಬೋರ್ಡಿನ ಮೇಲೆ ಬರೆಸಬೇಕು ಸಾರ್. ಇಲ್ಲಾಂದ್ರೆ ಆಡಿಟ್‌ನವರು ನಿಮ್ಮಿಂದ್ಲೇ ವಸೂಲಿ ಮಾಡ್ತಾರೆ. ನಿಮ್ಮ ಗದ್ದದ ಕೆಳಗೆ ಬರೆಸ್ತೀನಿ."

"ಸಣ್ಣಕ್ಷರದಲ್ಲಿ ಬರೆಸಯ್ಯ."

"ರಸ್ತೆಯಿಂದ ಓದೋ ಹಾಗಿರಬೇಕು ಸಾರ್. ಎರಡಡಿ ಅಕ್ಷರ. ಕತ್ತಲಲ್ಲೂ ಕಾಣಲಿ ಅಂತ ದೀಪಾನೂ ಸೇರಿಸಿದೀನಿ."

ಅಧ್ಯಕ್ಷರು ಪಟ್ಟಿಯನ್ನು ದೂರ ಹಿಡಿದು ನೋಡಿದರು. ಹತ್ತಿರ ಹಿಡಿದು ನೋಡಿದರು. ಗದ್ದ ಸವರಿಕೊಂಡರು.

"ನಾಯಿ ಅಂತ ಬರೀಲೇಬೇಕಾ?"

"ಬೀದಿ ಅಂತಾನೂ ಬರೀಬೇಕು ಸಾರ್."

ಹುಟ್ಟುಹಬ್ಬದ ದಿನ ಬಸ್ ಸ್ಟ್ಯಾಂಡ್ ಎದುರು ಯಾವ ಬೋರ್ಡೂ ಏಳಲಿಲ್ಲ. ಆ ತಿಂಗಳು ಊರಿನ ನಾನೂರು ನಾಯಿಗಳಿಗೆ ಚುಚ್ಚುಮದ್ದು ಬಿತ್ತು. ಎಂಟು ತಿಂಗಳಾದ ಮೇಲೆ ಗುಮಾಸ್ತ ಅದೇ ಕುರ್ಚಿಯಿಂದ ನಿವೃತ್ತನಾದ.